ಪಿಕಪ್ ವಾಹನದ ಟೈರ್ ಬದಲಾವಣೆಗೆ ಏರುತ್ತಿರುವ ಖರ್ಚು: ಮಲೆನಾಡಿನ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಒಳನಾಡಿನಲ್ಲಿ ಅಡಿಕೆ ಮೂಟೆಯಿಂದ ಹಿಡಿದು ಮದುವೆ ಮನೆಯ ಶಾಮಿಯಾನದವರೆಗೆ ಎಲ್ಲವನ್ನೂ ಹೊತ್ತು ತರುವುದು ಪಿಕಪ್ ವಾಹನಗಳೇ. ಲಾರಿ ತಿರುಗಲಾಗದ ತೋಟದ ದಾರಿಗೆ ಇಳಿಯುವುದೂ ಅವೇ, ಮರುದಿನ ಬೆಳಿಗ್ಗೆ ಶಿವಮೊಗ್ಗದ ಎಪಿಎಂಸಿ ಅಂಗಳದಲ್ಲಿ ನಿಲ್ಲುವುದೂ ಅವೇ. ಇವುಗಳಲ್ಲಿ ಬಹುಪಾಲು ವಾಹನಗಳಿಗೆ ಮಾಲೀಕನೇ ಚಾಲಕ. ನಾಲ್ಕು ಟೈರ್‌ಗಳನ್ನು ಒಟ್ಟಿಗೆ ಬದಲಿಸಬೇಕಾದ ತಿಂಗಳು ಬಂದರೆ ಆ ಮನೆಯ ಲೆಕ್ಕವೇ ಏರುಪೇರಾಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮಾಲೀಕರು ಟೈರ್ ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಕೆಲವೇ ವರ್ಷಗಳಲ್ಲಿ ಟೈರ್ ಬೆಲೆ ಇಷ್ಟೊಂದು ಏರಲು ಕಾರಣವೇನು?

ಒಂದು ಟೈರಿನೊಳಗೆ ನೈಸರ್ಗಿಕ ರಬ್ಬರ್, ಕೃತಕ ರಬ್ಬರ್, ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಪುಡಿ, ನೈಲಾನ್ ಎಳೆಗಳು, ಉಕ್ಕಿನ ತಂತಿ, ಗಂಧಕ ಮತ್ತು ಸತುವಿನ ಆಕ್ಸೈಡ್ ಸೇರಿರುತ್ತವೆ. ಇವುಗಳಲ್ಲಿ ಕೃತಕ ರಬ್ಬರ್, ಕಾರ್ಬನ್ ಬ್ಲ್ಯಾಕ್ ಮತ್ತು ನೈಲಾನ್ ಮೂರೂ ಕಚ್ಚಾ ತೈಲದ ಬೆನ್ನು ಹಿಡಿದು ಬರುವ ವಸ್ತುಗಳಾದ್ದರಿಂದ, 2022ರ ಮಾರ್ಚ್‌ನಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 120 ಡಾಲರ್ ದಾಟಿದಾಗ ಡೀಸೆಲ್ ಬಂಕಿನಲ್ಲಿ ಮಾತ್ರವಲ್ಲದೆ ಟೈರ್ ಅಂಗಡಿಯಲ್ಲೂ ಅದರ ಬಿಸಿ ತಟ್ಟಿತು. 2021 ಮತ್ತು 2022ರಲ್ಲಿ ಕಂಪನಿಗಳು ಹಲವು ಕಂತುಗಳಲ್ಲಿ ಬೆಲೆ ಏರಿಸಿದವು.

ಎರಡನೆಯ ಏಟು ನೈಸರ್ಗಿಕ ರಬ್ಬರಿನದು. 2024ರ ಆಗಸ್ಟ್‌ನಲ್ಲಿ ಕೊಟ್ಟಾಯಂ ಮಾರುಕಟ್ಟೆಯಲ್ಲಿ ಆರ್‌ಎಸ್‌ಎಸ್-4 ದರ್ಜೆಯ ರಬ್ಬರ್ ಹಾಳೆ ಕಿಲೋಗೆ 247 ರೂಪಾಯಿ ತಲುಪಿ, 2011ರ ಹಳೆಯ ದಾಖಲೆಯನ್ನು ಮುರಿಯಿತು. ಮಳೆಗಾಲದಲ್ಲಿ ಮರಕ್ಕೆ ಚಾಕು ಹಾಕಲಾಗದೆ ಹಾಲು ಇಳಿಸುವ ಕೆಲಸ ನಿಲ್ಲುವುದರಿಂದ ಆ ತಿಂಗಳುಗಳಲ್ಲಿ ಮಾರುಕಟ್ಟೆಗೆ ಬರುವ ಮಾಲು ಕಡಿಮೆಯಾಗುತ್ತದೆ. ದೇಶದಲ್ಲಿ ಬೆಳೆಯುವ ರಬ್ಬರ್ ನಮ್ಮ ಕಾರ್ಖಾನೆಗಳಿಗೆ ಸಾಲುವುದಿಲ್ಲ; ಹೊರಗಿನಿಂದ ತರಿಸುವ ರಬ್ಬರಿಗೆ ಶೇ 25 ಅಥವಾ ಕಿಲೋಗೆ 30 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಆಮದು ಸುಂಕವಿದೆ. ಇದರ ಜೊತೆಗೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದಿಗೆ ನಿರ್ಬಂಧ ಹೇರಿದ ಮೇಲೆ, ಒಂದು ಕಾಲಕ್ಕೆ ಅಗ್ಗವಾಗಿ ಸಿಗುತ್ತಿದ್ದ ವಿದೇಶಿ ಟೈರ್‌ಗಳು ಬಹುಮಟ್ಟಿಗೆ ಮರೆಯಾದವು. ಬಳಸಿ ಬಿಸಾಡಿದ ಟೈರ್‌ಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸುವ ನಿಯಮ 2022ರ ಜುಲೈನಲ್ಲಿ ಬಂದಿದ್ದು, ಆ ವೆಚ್ಚವೂ ಕೊನೆಗೆ ಬೆಲೆಯೊಳಗೇ ಸೇರಬೇಕು.

ನಮ್ಮ ಸುತ್ತಮುತ್ತಲೇ ರಬ್ಬರ್ ತೋಟಗಳಿವೆ. ಬೆಳೆಗಾರರಿಗೆ ರಬ್ಬರ್ ದರ ಕುಸಿದಾಗಲೂ ಟೈರ್ ಬೆಲೆ ಏಕೆ ಇಳಿಯುವುದಿಲ್ಲ?

ಇದು ನ್ಯಾಯವಾದ ಪ್ರಶ್ನೆ. ಒಂದೇ ಮನೆಯಲ್ಲಿ ಅಣ್ಣ ರಬ್ಬರ್ ತೋಟ ನೋಡಿಕೊಂಡು ತಮ್ಮ ಪಿಕಪ್ ಓಡಿಸುವ ಕುಟುಂಬಗಳು ಇಲ್ಲಿ ಇವೆ. ದರ ಏರಿದಾಗ ತಮ್ಮನಿಗೆ, ಇಳಿದಾಗ ಅಣ್ಣನಿಗೆ ಪೆಟ್ಟು. ಕಂಪನಿಗಳು ಕೊಡುವ ಉತ್ತರ, ನೈಸರ್ಗಿಕ ರಬ್ಬರ್ ಒಟ್ಟು ವೆಚ್ಚದ ಒಂದು ಭಾಗ ಮಾತ್ರ ಮತ್ತು ಗೋದಾಮಿನಲ್ಲಿರುವ ಕಚ್ಚಾಮಾಲು ತಿಂಗಳುಗಳ ಹಿಂದೆ ಹೆಚ್ಚಿನ ದರಕ್ಕೆ ಕೊಂಡದ್ದು ಎಂಬುದು. ಇದರಲ್ಲಿ ಸತ್ಯಾಂಶವಿದೆ. ಆದರೆ ಏರಿಕೆಗೆ ಇರುವ ವೇಗ ಇಳಿಕೆಗೆ ಇರುವುದಿಲ್ಲ ಎಂಬ ಮಾಲೀಕರ ಅನುಭವವನ್ನು ತಳ್ಳಿಹಾಕುವಂತಿಲ್ಲ.

ಬೆಲೆ ನಿಗದಿಯ ಬಗ್ಗೆ ಅನುಮಾನ ಹುಟ್ಟಲು ಹಿಂದಿನ ಪ್ರಕರಣವೊಂದೂ ಕಾರಣ. ಟ್ರಕ್ ಮತ್ತು ಬಸ್‌ಗಳ ಕ್ರಾಸ್‌ಪ್ಲೈ (ನೈಲಾನ್ ಎಳೆಗಳನ್ನು ಅಡ್ಡಡ್ಡ ಹೆಣೆದ) ಟೈರ್‌ಗಳನ್ನು ಸವೆದವುಗಳ ಬದಲಿಗೆ ಮಾರುವ ಮಾರುಕಟ್ಟೆಯಲ್ಲಿ 2011–12ರ ಅವಧಿಯಲ್ಲಿ ಐದು ಕಂಪನಿಗಳು ಪರಸ್ಪರ ಕೂಡಿಕೊಂಡು ಬೆಲೆ ಏರಿಸಿದವೆಂದು ತೀರ್ಮಾನಿಸಿದ ಭಾರತೀಯ ಸ್ಪರ್ಧಾ ಆಯೋಗವು ಒಟ್ಟು 1,788 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿದ ಆದೇಶ 2022ರ ಫೆಬ್ರುವರಿಯಲ್ಲಿ ಹೊರಬಿದ್ದಿತು. ಕಂಪನಿಗಳು ಮೇಲ್ಮನವಿ ಹೋದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಪ್ರಕರಣವನ್ನು ಮರುಪರಿಶೀಲನೆಗಾಗಿ ಆಯೋಗಕ್ಕೆ ಹಿಂದಿರುಗಿಸಿತು. ಅದು ಪಿಕಪ್ ಟೈರ್‌ಗಳ ಪ್ರಕರಣವಲ್ಲ ಎಂಬುದನ್ನು ಮರೆಯಬಾರದು.

ಜಿಎಸ್‌ಟಿ ಇಳಿದಿದೆ ಎನ್ನುತ್ತಾರೆ. ನಮಗೆ ನಿಜವಾಗಿ ಉಳಿಯುವುದು ಎಷ್ಟು?

2017ರ ಜುಲೈನಿಂದ ಹೊಸ ಟೈರ್‌ಗಳ ಮೇಲೆ ಶೇ 28ರಷ್ಟಿದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆಗೆ ಮುನ್ನ 6,000 ರೂಪಾಯಿ ಇರುವ ಟೈರನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಹಿಂದೆ 7,680 ರೂಪಾಯಿ ಕೊಡಬೇಕಿತ್ತು, ಈಗ 7,080. ಒಂದಕ್ಕೆ 600, ನಾಲ್ಕಕ್ಕೆ 2,400 ರೂಪಾಯಿ ಉಳಿತಾಯ. ಈ ಮೊತ್ತವನ್ನು ನೆನಪಿನಲ್ಲಿಡಿ. ಮುಂದೆ ಕಿಲೋಮೀಟರ್ ಲೆಕ್ಕಕ್ಕೆ ಬಂದಾಗ ಇದರೊಂದಿಗೆ ಹೋಲಿಸಿ ನೋಡುವುದಿದೆ. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಅದೇ ದಿನದಿಂದ ಶೇ 5 ಮಾತ್ರ ತೆರಿಗೆ. ತೋಟದ ಮಾಲನ್ನೇ ಹೊರುವ ಪಿಕಪ್ ಟೈರಿಗೆ ಆ ರಿಯಾಯಿತಿ ಅನ್ವಯಿಸುವುದಿಲ್ಲ.

ಬಿಲ್ ಬೇಡವೆಂದರೆ ಅಂಗಡಿಯವರು ಸ್ವಲ್ಪ ಕಡಿಮೆಗೆ ಕೊಡುತ್ತಾರೆ. ಅದು ಲಾಭವಲ್ಲವೇ?

ಅಲ್ಲ. ಬಿಲ್ ಇಲ್ಲದ ಟೈರಿಗೆ ವಾರಂಟಿ ಕೇಳಲು ಆಧಾರವೇ ಇರುವುದಿಲ್ಲ. ಇನ್ನು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ, ಉದಾಹರಣೆಗೆ ತೆರಿಗೆ ಬೀಳುವ ಸಾಮಾನನ್ನು ತನ್ನದೇ ಪಿಕಪ್‌ನಲ್ಲಿ ಹಳ್ಳಿ ಅಂಗಡಿಗಳಿಗೆ ತಲುಪಿಸುವ ಸಗಟು ವರ್ತಕ, ಸರಕು ವಾಹನದ ಟೈರಿಗೆ ತೆತ್ತ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದಕ್ಕೆ ಬಿಲ್ಲಿನಲ್ಲಿ ಅವರ ಜಿಎಸ್‌ಟಿ ಸಂಖ್ಯೆ ನಮೂದಾಗಿರಬೇಕು. ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಯಲ್ಲಿ, ಅಂದರೆ ವಹಿವಾಟಿನ ಮೇಲೆ ನಿಗದಿತ ಸಣ್ಣ ದರದಲ್ಲಿ ತೆರಿಗೆ ಕಟ್ಟುವವರಿಗೆ ಮತ್ತು ನೋಂದಣಿಯೇ ಇಲ್ಲದ ಬಾಡಿಗೆ ಪಿಕಪ್ ಮಾಲೀಕರಿಗೆ ಈ ಸೌಲಭ್ಯವಿಲ್ಲ.

ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿಗಳನ್ನು ಓದುವುದು ಹೇಗೆ?

195/80 ಆರ್15 ಎಲ್‌ಟಿ 106/104 ಎಂದು ಬರೆದಿದೆ ಎಂದುಕೊಳ್ಳೋಣ. 195 ಎಂಬುದು ಮಿಲಿಮೀಟರ್‌ಗಳಲ್ಲಿ ಟೈರಿನ ಅಗಲ. ಅದರ ಶೇ 80ರಷ್ಟು, ಅಂದರೆ ಸುಮಾರು 156 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ. ಆರ್ ಎಂದರೆ ರೇಡಿಯಲ್ (ಎಳೆಗಳನ್ನು ಅಂಚಿನಿಂದ ಅಂಚಿಗೆ ನೇರವಾಗಿ ಹಾಸಿದ ಟೈರ್), 15 ಎಂದರೆ ಇಂಚುಗಳಲ್ಲಿ ಡಿಸ್ಕಿನ (ಟೈರ್ ಕೂರುವ ಲೋಹದ ಚಕ್ರದ) ವ್ಯಾಸ, ಎಲ್‌ಟಿ ಎಂದರೆ ಲಘು ಸರಕು ವಾಹನದ ಟೈರ್. ಕೊನೆಯ ಜೋಡಿ ಅಂಕಿಯನ್ನು ಬಹುತೇಕರು ಗಮನಿಸುವುದಿಲ್ಲ, ಆದರೆ ಪಿಕಪ್ ಮಾಲೀಕನಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಅದು ಭಾರ ಹೊರುವ ಶಕ್ತಿಯ ಸಂಕೇತ: 106 ಎಂದರೆ ಒಂಟಿಯಾಗಿ ಜೋಡಿಸಿದ ಟೈರ್ 950 ಕಿಲೋ ಹೊರಬಲ್ಲದು, 104 ಎಂದರೆ ಅವಳಿ ಚಕ್ರದಲ್ಲಿದ್ದಾಗ ಒಂದೊಂದೂ 900 ಕಿಲೋ. ಸರಕು ವಾಹನದ ಟೈರ್ ಮೇಲೆ ಐಎಸ್ 15636 ಸಂಖ್ಯೆಯೊಂದಿಗೆ ಐಎಸ್‌ಐ ಗುರುತು ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಅದೇ ಅಳತೆಯ ಕಾರಿನ ಟೈರ್ ಅಗ್ಗಕ್ಕೆ ಸಿಗುತ್ತದೆ. ಹಾಕಿಸಬಹುದೇ?

ಹಾಕಿಸಬಾರದು. ಡಿಸ್ಕಿಗೆ ಅದು ಸರಿಯಾಗಿ ಕೂರುತ್ತದೆ ಎಂಬುದೇ ಇಲ್ಲಿನ ಅಪಾಯ. ಪ್ರಯಾಣಿಕ ವಾಹನದ ಟೈರಿನ ಭಾರಸಂಕೇತ 100 ಇದ್ದರೆ ಅದು ಹೊರಬಲ್ಲದ್ದು 800 ಕಿಲೋ. ಹಿಂದಿನ ಅಚ್ಚಿನ (ಆಕ್ಸಲ್) ಮೇಲೆ 1,800 ಕಿಲೋ ಬಿದ್ದರೆ ಒಂದೊಂದು ಟೈರಿಗೂ 900 ಕಿಲೋ ಹಂಚಿಹೋಗುತ್ತದೆ, ಅದೂ ಸಮತಟ್ಟಾದ ರಸ್ತೆಯಲ್ಲಿ. ತಿರುವಿನಲ್ಲಿ ಹೊರಬದಿಯ ಚಕ್ರಕ್ಕೆ ಇನ್ನೂ ಹೆಚ್ಚು ಬೀಳುತ್ತದೆ. ಅಂಗಡಿಯವರು ಅಭ್ಯಾಸಬಲದಿಂದ ಅಳತೆಯನ್ನಷ್ಟೇ ಕೇಳಿ ಟೈರ್ ತೆಗೆದುಕೊಡುವುದುಂಟು. ಭಾರಸಂಕೇತವನ್ನು ಕೇಳಬೇಕಾದವರು ಕೊಳ್ಳುವವರೇ.

ದುಬಾರಿ ಟೈರ್ ಒಳ್ಳೆಯದೋ, ಅಗ್ಗದ ಟೈರ್ ಒಳ್ಳೆಯದೋ?

ಈ ಪ್ರಶ್ನೆಗೆ ಬೆಲೆಪಟ್ಟಿಯಲ್ಲಿ ಉತ್ತರವಿಲ್ಲ, ವಾಹನದ ಮೀಟರಿನಲ್ಲಿ ಇದೆ. ಟೈರಿನ ಬೆಲೆಯನ್ನು ಅದು ಓಡಿದ ಕಿಲೋಮೀಟರಿನಿಂದ ಭಾಗಿಸಿದರೆ ಬರುವುದೇ ಅದರ ನಿಜವಾದ ದರ. 7,080 ರೂಪಾಯಿಯ ಟೈರ್ 35,000 ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ ಸುಮಾರು 20 ಪೈಸೆ ಬೀಳುತ್ತದೆ. 5,500 ರೂಪಾಯಿಯ ಟೈರ್ 22,000 ಕಿಲೋಮೀಟರಿಗೇ ಸವೆದರೆ 25 ಪೈಸೆ. ಅಗ್ಗವೆಂದು ಕೊಂಡದ್ದು ದುಬಾರಿಯಾಯಿತು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಅದೇ ಕಂಪನಿಯ, ಅದೇ 7,080 ರೂಪಾಯಿಯ ನಾಲ್ಕು ಟೈರ್‌ಗಳಿಗೆ 28,320 ರೂಪಾಯಿ. ಅವು 35,000 ಕಿಲೋಮೀಟರ್ ಬಾಳಿದರೆ ನಾಲ್ಕೂ ಸೇರಿ ಕಿಲೋಮೀಟರಿಗೆ 81 ಪೈಸೆ. ಗಾಳಿ, ಭಾರ, ಅಲೈನ್‌ಮೆಂಟ್ (ಚಕ್ರಗಳು ನೇರವಾಗಿ ನಿಂತಿವೆಯೇ ಎಂಬುದು) ಯಾವುದನ್ನೂ ನೋಡದೆ 25,000ಕ್ಕೇ ಬೋಳಾದರೆ 1 ರೂಪಾಯಿ 13 ಪೈಸೆ. ವ್ಯತ್ಯಾಸ 32 ಪೈಸೆ. ವರ್ಷಕ್ಕೆ 25,000 ಕಿಲೋಮೀಟರ್ ಓಡುವ ವಾಹನಕ್ಕೆ ಇದು 8,000 ರೂಪಾಯಿ. ತೆರಿಗೆ ಇಳಿಕೆಯಿಂದ ನಾಲ್ಕು ಟೈರಿಗೆ ಉಳಿದದ್ದು 2,400 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ರಬ್ಬರ್ ದರವನ್ನು ಕೊಟ್ಟಾಯಂ ಮತ್ತು ಬ್ಯಾಂಕಾಕ್ ಮಾರುಕಟ್ಟೆಗಳು ತೀರ್ಮಾನಿಸುತ್ತವೆ, ತೆರಿಗೆಯನ್ನು ದೆಹಲಿ ತೀರ್ಮಾನಿಸುತ್ತದೆ. ಆದರೆ ಇವೆರಡಕ್ಕಿಂತ ದೊಡ್ಡ ಮೊತ್ತವೊಂದು ಮಾಲೀಕನ ಕೈಯಲ್ಲಿಯೇ ಇದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಇದಕ್ಕೆ ಮೊದಲು ಬೇಕಾದದ್ದು ಒಂದು ಚಿಕ್ಕ ಪುಸ್ತಕ: ಟೈರ್ ಹಾಕಿಸಿದ ದಿನ, ಆಗಿನ ಮೀಟರ್, ಬಿಚ್ಚಿದ ದಿನ, ಆಗಿನ ಮೀಟರ್. ಈ ನಾಲ್ಕು ಸಾಲು ಬರೆದಿಟ್ಟವರು ಮುಂದಿನ ಬಾರಿ ಯಾವ ಟೈರ್ ಕೊಳ್ಳಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಬಯಲುಸೀಮೆಯವರ ಟೈರ್ ನಮ್ಮದಕ್ಕಿಂತ ಹೆಚ್ಚು ಬಾಳುತ್ತದೆ. ಏಕೆ?

ಮಲೆನಾಡಿನ ರಸ್ತೆ ನೇರವಾಗಿ ಓಡುವುದಿಲ್ಲ. ಪ್ರತಿ ತಿರುವಿನಲ್ಲೂ ಮುಂದಿನ ಟೈರಿನ ಹೊರ ಅಂಚು ರಸ್ತೆಯ ಮೇಲೆ ಉಜ್ಜುತ್ತದೆ. ತೀರ್ಥಹಳ್ಳಿಯಿಂದ ಉಡುಪಿಯ ಕಡೆಗೆ ಮಾಲು ಒಯ್ಯುವ ವಾಹನ ಸುಮಾರು 650 ಮೀಟರ್ ಎತ್ತರದ ಆಗುಂಬೆಯಿಂದ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಸೋಮೇಶ್ವರಕ್ಕೆ ಇಳಿಯಬೇಕು. ಹುಲಿಕಲ್ ಘಾಟಿ, ಕೊಲ್ಲೂರು ಘಾಟಿ, ಗೇರುಸೊಪ್ಪೆಯ ಇಳಿಜಾರುಗಳಲ್ಲೂ ಇದೇ ಕಥೆ. ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದರೆ ಡ್ರಮ್ಮಿನ ಶಾಖ ಡಿಸ್ಕಿಗೆ, ಡಿಸ್ಕಿನಿಂದ ಟೈರಿನ ಅಂಚಿಗೆ ಹರಿಯುತ್ತದೆ. ಶಾಖಕ್ಕಿಂತ ದೊಡ್ಡ ಶತ್ರು ರಬ್ಬರಿಗೆ ಇಲ್ಲ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವ ಮಾತು ಬ್ರೇಕನ್ನೂ ಟೈರನ್ನೂ ಒಟ್ಟಿಗೆ ಕಾಯುತ್ತದೆ.

ಡಾಂಬರು ಬಿಟ್ಟು ತೋಟದ ದಾರಿಗೆ ಇಳಿದ ಮೇಲೆ ಕಷ್ಟ ಬೇರೆಯೇ ರೀತಿಯದು. ಮಳೆಗೆ ಕೊರೆದುಹೋದ ರಸ್ತೆಯ ಅಂಚು, ಮಣ್ಣು ತೊಳೆದುಹೋಗಿ ಮೇಲೆದ್ದ ಜಲ್ಲಿ, ಕೆಸರಿನಲ್ಲಿ ಸುಮ್ಮನೆ ಗಿರಕಿ ಹೊಡೆಯುವ ಹಿಂದಿನ ಚಕ್ರ: ಇವು ಒಂದೇ ದಿನದಲ್ಲಿ ಸಾವಿರ ಕಿಲೋಮೀಟರಿನ ಆಯಸ್ಸನ್ನು ತಿನ್ನಬಲ್ಲವು. ಒದ್ದೆಯಾದ ರಬ್ಬರ್ ಒಣ ರಬ್ಬರಿಗಿಂತ ಸುಲಭವಾಗಿ ಕೊಯ್ದುಹೋಗುತ್ತದೆ, ಏಕೆಂದರೆ ಕಲ್ಲಿನ ಚೂಪಿಗೆ ನೀರೇ ಜಾರುವ ಎಣ್ಣೆಯಂತೆ ನೆರವಾಗುತ್ತದೆ. ಕೊಯ್ತ ಆಳವಾದರೆ ನೀರು ಒಳಗಿನ ಉಕ್ಕಿನ ಪಟ್ಟಿಯವರೆಗೆ ಇಳಿದು ತುಕ್ಕು ಹಿಡಿಸುತ್ತದೆ. ಹೊರಗೆ ಗ್ರಿಪ್ ಚೆನ್ನಾಗಿ ಕಾಣುವ ಟೈರ್ ತಿಂಗಳುಗಳ ನಂತರ ಇದ್ದಕ್ಕಿದ್ದಂತೆ ಉಬ್ಬಿಕೊಳ್ಳುವುದು ಹೀಗೆ. ಕೆಸರಿನಲ್ಲಿ ಹೂತುಕೊಂಡಾಗ ಆಕ್ಸಿಲರೇಟರ್ ಒತ್ತುತ್ತಲೇ ಇರುವ ಬದಲು ಇಳಿದು ಚಕ್ರದ ಕೆಳಗೆ ಸೊಪ್ಪು, ಸೋಗೆ ಅಥವಾ ಹಲಗೆ ಕೊಡುವುದು ಹತ್ತು ನಿಮಿಷದ ಕೆಲಸ.

ಒಂದೆರಡು ಕ್ವಿಂಟಲ್ ಹೆಚ್ಚು ಹೇರಿದರೆ ಏನಾಗುತ್ತದೆ? ಎಲ್ಲರೂ ಹೇರುತ್ತಾರಲ್ಲ?

ಎಲ್ಲರೂ ಹೇರುತ್ತಾರೆ ಎಂಬುದು ನಿಜ, ಮತ್ತು ಎಲ್ಲರ ಟೈರ್‌ಗಳೂ ಬೇಗ ಸವೆಯುತ್ತಿವೆ ಎಂಬುದೂ ನಿಜ. ಭಾರ ಹೆಚ್ಚಾದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ನೆಟ್ಟಗಾಗುತ್ತದೆ, ಆ ಬಾಗುವಿಕೆಯೇ ಶಾಖವಾಗುತ್ತದೆ. ಸವೆತವು ಭಾರದ ಅನುಪಾತಕ್ಕಿಂತ ವೇಗವಾಗಿ ಏರುತ್ತದೆ. ಕೊಯ್ಲಿನ ಕಾಲದಲ್ಲಿ ಒಂದು ಟ್ರಿಪ್ ಉಳಿಸಲೆಂದು ಹೇರಿದ ಹೆಚ್ಚುವರಿ ಮೂಟೆಗಳ ಬಾಡಿಗೆಯನ್ನು, ಮುಂದಿನ ಟೈರ್ ಬದಲಾವಣೆ ಎರಡು ತಿಂಗಳು ಮೊದಲೇ ಬಂದು ನುಂಗಿಹಾಕುವುದನ್ನು ನಾನು ಸ್ವಂತ ಲೆಕ್ಕಪುಸ್ತಕದಲ್ಲೇ ಕಂಡಿದ್ದೇನೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ ಅತಿಭಾರಕ್ಕೆ 20,000 ರೂಪಾಯಿ ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಸಿಕ್ಕಿಬಿದ್ದ ದಿನ ಮೂರು ಹೊಸ ಟೈರಿನ ಹಣ ಹೋದಂತೆಯೇ.

ಗಾಳಿ ಎಷ್ಟಿರಬೇಕು, ಎಷ್ಟು ದಿನಕ್ಕೊಮ್ಮೆ ನೋಡಬೇಕು?

ನಿಮ್ಮ ವಾಹನಕ್ಕೆ ಎಷ್ಟೆಂಬುದು ಕಂಪನಿ ಕೊಟ್ಟ ಕೈಪಿಡಿಯಲ್ಲಿ ಅಥವಾ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ, ಮುಂದಿನ ಮತ್ತು ಹಿಂದಿನ ಚಕ್ರಕ್ಕೆ ಬೇರೆ ಬೇರೆಯಾಗಿ, ಬರೆದಿರುತ್ತದೆ. ಪಂಕ್ಚರ್ ಅಂಗಡಿಯ ಹುಡುಗನ ಅಂದಾಜನ್ನಾಗಲಿ ಪಕ್ಕದ ಮನೆಯವರ ಸಲಹೆಯನ್ನಾಗಲಿ ಅದಕ್ಕೆ ಬದಲಾಗಿ ಇಟ್ಟುಕೊಳ್ಳಬಾರದು. ವಾರಕ್ಕೊಮ್ಮೆ, ಬೆಳಿಗ್ಗೆ ವಾಹನ ಹೊರಡುವ ಮುನ್ನ, ಟೈರ್ ತಣ್ಣಗಿರುವಾಗ ಅಳೆಯಬೇಕು. ಗಾಳಿ ಕಡಿಮೆಯಾದರೆ ಎರಡೂ ಅಂಚುಗಳು, ಹೆಚ್ಚಾದರೆ ನಡುಭಾಗ ಸವೆಯುತ್ತದೆ. ಒಂದೇ ಅಂಚು ಸವೆದಿದ್ದರೆ ದೋಷ ಗಾಳಿಯದಲ್ಲ, ಅಲೈನ್‌ಮೆಂಟಿನದು.

ಘಾಟಿ ಇಳಿದು ನಿಂತಾಗ ಟೈರ್ ಬಿಸಿಯಾಗಿ ಗಾಳಿಯ ಒತ್ತಡ ಹೆಚ್ಚು ತೋರಿಸುತ್ತದೆ. ಆಗ ಗಾಳಿ ಬಿಡುವವರಿದ್ದಾರೆ. ಹಾಗೆ ಮಾಡಿದರೆ ತಣ್ಣಗಾದ ಮೇಲೆ ಒತ್ತಡ ಬೇಕಾದುದಕ್ಕಿಂತ ಕೆಳಗೆ ಬಿದ್ದು, ಮರಳಿ ಭಾರ ಹೇರಿ ಹತ್ತುವಾಗ ಟೈರ್ ಇನ್ನಷ್ಟು ಕಾಯುತ್ತದೆ.

ಟೈರ್ ಬದಲಿಸಲೇಬೇಕಾದ ಸಮಯ ಯಾವುದು?

ಕಾನೂನಿನ ಪ್ರಕಾರ ನಾಲ್ಕು ಚಕ್ರದ ವಾಹನದ ಟೈರಿನಲ್ಲಿ ಗ್ರಿಪ್ಪಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಇದನ್ನು ತಿಳಿಯಲು ಉಪಕರಣ ಬೇಡ. ಗ್ರಿಪ್ಪಿನ ತೋಡಿನೊಳಗೆ ಅಡ್ಡಲಾಗಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ, ಟೈರಿನ ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಅವಧಿ ಮುಗಿದಂತೆ. ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕು, ಅಲ್ಲಿಯೂ ಟೈರ್ ನೋಡುತ್ತಾರೆ.

ಆದರೆ ಮಲೆನಾಡಿಗೆ ಕಾನೂನಿನ ಮಿತಿಯನ್ನೇ ಕೊನೆಯ ಗಡುವೆಂದು ಹಿಡಿಯಬಾರದು. ಗ್ರಿಪ್ಪಿನ ತೋಡುಗಳಿಗೆ ಇರುವ ಮುಖ್ಯ ಕೆಲಸ ಟೈರಿನಡಿಯ ನೀರನ್ನು ಹೊರಗೆ ದಬ್ಬುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ, ರಸ್ತೆಯ ಮೇಲೆ ಪಾಚಿಯೂ ಕೊಳೆತ ಎಲೆಯೂ ಇರುವ ನಾಡಿನಲ್ಲಿ ಕಾಲುಭಾಗ ಗ್ರಿಪ್ ಉಳಿದ ಟೈರ್ ಬ್ರೇಕ್ ಹಾಕಿದೆಡೆ ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ನೋಡಿದಾಗ ಮಳೆಗಾಲ ದಾಟುವುದು ಅನುಮಾನ ಎನಿಸಿದರೆ ಮೇ ತಿಂಗಳಲ್ಲೇ ಬದಲಿಸುವುದು ಸರಿ. ಅಡಿಕೆಯ ಹಣ ಕೈಗೆ ಬರುವವರೆಗೆ, ದೀಪಾವಳಿ ಕಳೆಯುವವರೆಗೆ ಎಂದು ಮುಂದೂಡುವವರ ಕಷ್ಟ ಅರ್ಥವಾಗುತ್ತದೆ. ಆದರೆ ಮುಂದೂಡುವ ಆ ನಾಲ್ಕು ತಿಂಗಳೇ ವರ್ಷದಲ್ಲಿ ಅತ್ಯಂತ ಅಪಾಯದ ತಿಂಗಳುಗಳು. ಮಧ್ಯಭಾಗದಲ್ಲಿ ಗ್ರಿಪ್ ಎಷ್ಟೇ ಇರಲಿ, ಪಕ್ಕದಲ್ಲಿ ಉಬ್ಬು ಕಂಡರೆ ಅಥವಾ ಕೊಯ್ತದಲ್ಲಿ ಎಳೆ ಕಾಣಿಸಿದರೆ ಅಂದೇ ತೆಗೆಯಬೇಕು. ಪಕ್ಕದ ಗೋಡೆಗೆ ಪ್ಯಾಚ್ ಹಾಕಿ ಭಾರದ ಗಾಡಿ ಓಡಿಸುವಂತಿಲ್ಲ.

ನಾಲ್ಕಕ್ಕೂ ಹಣವಿಲ್ಲ. ಎರಡನ್ನು ಮಾತ್ರ ಬದಲಿಸಬಹುದೇ?

ಬದಲಿಸಬಹುದು, ಆದರೆ ಒಂದೇ ಅಚ್ಚಿನ ಎರಡೂ ಚಕ್ರಗಳಿಗೆ ಒಂದೇ ಬಗೆಯ ಟೈರ್ ಇರಬೇಕು. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಎಂದಾಗಬಾರದು. ರೇಡಿಯಲ್ ಮತ್ತು ನೈಲಾನ್ (ಕ್ರಾಸ್‌ಪ್ಲೈ) ಟೈರ್‌ಗಳನ್ನು ಬೆರೆಸಬಾರದು. ಹಿಂದಿನ ಚಕ್ರಗಳಿಗೆ ಬೋಳು ಟೈರ್ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಾಲು ಇಳಿಸಿ ಖಾಲಿ ಬರುವ ಪಿಕಪ್‌ನ ಹಿಂಭಾಗ ತೀರ ಹಗುರವಾಗಿರುತ್ತದೆ ಎಂಬುದನ್ನು ಈ ನಂಬಿಕೆ ಮರೆತಿದೆ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿ ಅಡ್ಡ ತಿರುಗುವುದು ಹೆಚ್ಚಾಗಿ ಖಾಲಿ ಗಾಡಿಯಲ್ಲೇ. 8,000ದಿಂದ 10,000 ಕಿಲೋಮೀಟರಿಗೊಮ್ಮೆ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿಸುತ್ತ ಬಂದರೆ ನಾಲ್ಕೂ ಒಂದೇ ಹದದಲ್ಲಿ ಸವೆಯುತ್ತವೆ.

ರೀಸೋಲ್ ಮಾಡಿಸುವುದು ಲಾಭವೇ?

ಲಾರಿ ಮತ್ತು ಬಸ್‌ಗಳಿಗೆ ರೀಸೋಲ್ ದೀರ್ಘಕಾಲದಿಂದ ನಡೆದುಬಂದಿರುವ ಲಾಭದ ದಾರಿ. ಸವೆದ ಮೇಲ್ಪದರವನ್ನು ಉಜ್ಜಿ ತೆಗೆದು, ಮೊದಲೇ ಬೇಯಿಸಿ ಸಿದ್ಧಪಡಿಸಿದ ಗ್ರಿಪ್ ಪಟ್ಟಿಯನ್ನು ಅಂಟಿಸಿ ಕಡಿಮೆ ಶಾಖದಲ್ಲಿ ಕೂಡಿಸುವುದು ಒಂದು ವಿಧಾನ. ಹಸಿ ರಬ್ಬರ್ ಹಾಕಿ ಅಚ್ಚಿನಲ್ಲಿಟ್ಟು ಬೇಯಿಸುವುದು ಇನ್ನೊಂದು. ಮೊದಲನೆಯದರಲ್ಲಿ ಹಳೆಯ ಟೈರಿನ ಒಡಲಿಗೆ ಶಾಖದ ಪೆಟ್ಟು ಕಡಿಮೆ. ಎರಡರಲ್ಲೂ ಹೊಸದಾಗುವುದು ಮೇಲ್ಪದರ ಮಾತ್ರ. ಭಾರ ಹೊರುವುದು ಹಳೆಯ ಒಡಲೇ. ನಮ್ಮ ಕಡೆಯ ಟೈರ್‌ಗಳ ಒಡಲು ಜಲ್ಲಿಯ ಕೊಯ್ತದಿಂದಲೂ ಒಳಗಿನ ತುಕ್ಕಿನಿಂದಲೂ ಸೊರಗಿರುವುದೇ ಹೆಚ್ಚು. ಆದ್ದರಿಂದ ಒಡಲನ್ನು ಒಳಗೂ ಹೊರಗೂ ಪರೀಕ್ಷಿಸಿ, ಆಗದಿದ್ದರೆ ಆಗದು ಎಂದು ಹೇಳುವ ಕಡೆ ಮಾತ್ರ ಕೊಡಬೇಕು, ಒಮ್ಮೆಗಿಂತ ಹೆಚ್ಚು ಮಾಡಿಸಬಾರದು, ಮುಂದಿನ ಚಕ್ರಕ್ಕೆ ಎಂದೂ ಹಾಕಬಾರದು. ಘಾಟಿಯಲ್ಲಿ ನಿತ್ಯ ಓಡುವ ವಾಹನಕ್ಕೆ ಹಿಂದಿನ ಚಕ್ರಕ್ಕೂ ಬೇಡವೆಂಬುದು ನನ್ನ ಅಭಿಪ್ರಾಯ.

ಹಳೆಯ ಸ್ಟಾಕಿನ ಟೈರ್ ಎಂದು ರಿಯಾಯಿತಿ ಕೊಡುತ್ತಾರೆ. ಕೊಳ್ಳಬಹುದೇ?

ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ನೆರಳಿನಲ್ಲಿ ಸರಿಯಾಗಿ ಇಟ್ಟಿದ್ದ ಒಂದು ವರ್ಷದ ಟೈರಿಗೆ ಒಳ್ಳೆಯ ರಿಯಾಯಿತಿ ಸಿಕ್ಕರೆ ಕೊಳ್ಳಲು ಅಡ್ಡಿಯಿಲ್ಲ. ಅದಕ್ಕಿಂತ ಹಳೆಯದಾದರೆ ಬಿಟ್ಟುಬಿಡುವುದು ಮೇಲು, ಏಕೆಂದರೆ ಓಡದಿದ್ದರೂ ರಬ್ಬರ್ ಗಟ್ಟಿಯಾಗುತ್ತ ಹೋಗುತ್ತದೆ. ಇದೇ ಕಾರಣಕ್ಕೆ ವರ್ಷಗಟ್ಟಲೆ ಗಾಡಿಯ ಅಡಿಯಲ್ಲಿ ನೇತಾಡುವ ಸ್ಟೆಪ್ನಿಯನ್ನೂ ಆಗಾಗ ಇಳಿಸಿ ನೋಡಬೇಕು. ಸೆಕೆಂಡ್ ಹ್ಯಾಂಡ್ ಟೈರಿನ ಹಿಂದಿನ ಬಾಳು ಏನೆಂದು ತಿಳಿಯುವ ದಾರಿಯೇ ಇಲ್ಲದ್ದರಿಂದ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬೇಡ.

ಟೈರ್ ಬದಲಿಸುವಾಗ ಟ್ಯೂಬನ್ನೂ ಬದಲಿಸಬೇಕೇ?

ಬದಲಿಸಬೇಕು. ಹಳೆಯ ಟ್ಯೂಬ್ ಹಿಗ್ಗಿರುತ್ತದೆ. ಹೊಸ ಟೈರಿನೊಳಗೆ ಅದು ಮಡಿಚಿಕೊಂಡು, ಆ ಮಡಿಕೆಯಲ್ಲೇ ಹರಿಯುತ್ತದೆ.

ಹೊಸ ಟೈರ್ ಕೆಲವೇ ತಿಂಗಳಲ್ಲಿ ಉಬ್ಬಿತು. ಪರಿಹಾರ ಸಿಗುತ್ತದೆಯೇ?

ತಯಾರಿಕೆಯ ದೋಷವಾಗಿದ್ದರೆ ಸಿಗುತ್ತದೆ. ಕಂಪನಿಯ ಪ್ರತಿನಿಧಿ ಟೈರ್ ಪರೀಕ್ಷಿಸಿ, ಉಳಿದಿರುವ ಗ್ರಿಪ್ಪಿನ ಆಳಕ್ಕೆ ತಕ್ಕಂತೆ ಹೊಸ ಟೈರಿನ ಬೆಲೆಯಲ್ಲಿ ಕಳೆಯುತ್ತಾರೆ. ಕಲ್ಲಿನ ಕೊಯ್ತ, ಅತಿಭಾರ, ಗಾಳಿ ಕಡಿಮೆ ಇಟ್ಟು ಓಡಿಸಿದ್ದು ಇವುಗಳಿಗೆ ವಾರಂಟಿ ಇಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು, ಟೈರನ್ನು ಅಂಗಡಿಯಲ್ಲೇ ಬಿಟ್ಟು ಬರಬಾರದು.

ವಾಣಿಜ್ಯ ವಾಹನದವರಿಗೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ ಎಂದು ಅನೇಕರು ತಿಳಿದಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಾಗೆ ಹೇಳುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದೆಂದು ಎಣಿಕೆಯಾಗುವುದಿಲ್ಲ; ತಾನೇ ಗಾಡಿ ಓಡಿಸಿ ಬದುಕುವ ಮಾಲೀಕ ಗ್ರಾಹಕನೇ. ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು, ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗವಿದೆ. ಎರಡಕ್ಕೂ ಬಿಲ್ ಬೇಕು.

ಬಾಡಿಗೆ ಹೇಳುವಾಗ ಟೈರ್ ಖರ್ಚನ್ನು ಸೇರಿಸುವುದು ಹೇಗೆ?

ನಮ್ಮಲ್ಲಿ ಬಾಡಿಗೆ ನಿಗದಿಯಾಗುವುದು ಡೀಸೆಲ್ ದರದ ಮೇಲೆ, ಮತ್ತು ಪರಿಚಯದ ದಾಕ್ಷಿಣ್ಯದ ಮೇಲೆ. ಟೈರಿನ ಖರ್ಚು ಪ್ರತಿ ಟ್ರಿಪ್ಪಿನಲ್ಲೂ ಆಗುತ್ತಿದ್ದರೂ ಕಣ್ಣಿಗೆ ಬೀಳುವುದು ಒಂದೂವರೆ ವರ್ಷಕ್ಕೊಮ್ಮೆಯಾದ್ದರಿಂದ ಅದು ಲೆಕ್ಕದಿಂದ ಹೊರಗುಳಿಯುತ್ತದೆ. ಮೇಲಿನ ಉದಾಹರಣೆಯ 81 ಪೈಸೆಯ ದರವನ್ನೇ ಹಿಡಿದರೆ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರುವ ಸುಮಾರು 120 ಕಿಲೋಮೀಟರಿಗೆ 97 ರೂಪಾಯಿಯಷ್ಟು ಟೈರ್ ಸವೆಯುತ್ತದೆ. ಘಾಟಿ ಅಥವಾ ತೋಟದ ದಾರಿ ಸೇರಿದರೆ ಇನ್ನೂ ಹೆಚ್ಚು. ಟ್ರಿಪ್ಪಿಗೆ ನೂರು ರೂಪಾಯಿಯಂತೆ ಬೇರೆ ಡಬ್ಬಿಯಲ್ಲೋ ಬೇರೆ ಖಾತೆಯಲ್ಲೋ ಹಾಕುತ್ತ ಬಂದವರು ಟೈರ್ ಬದಲಿಸುವ ತಿಂಗಳಲ್ಲಿ ಕೈಸಾಲಕ್ಕೆ ಹೋಗಬೇಕಾಗುವುದಿಲ್ಲ. ಬಾಡಿಗೆಗೆ ಕರೆಯುವ ತೋಟದ ಮಾಲೀಕರಿಗೂ ಒಂದು ಮಾತು ಹೇಳಬೇಕು: ಮನೆಯಂಗಳದವರೆಗೆ ಬರಬೇಕೆಂದು ಬಯಸುವವರು ಆ ಕೊನೆಯ ಅರ್ಧ ಕಿಲೋಮೀಟರ್ ಜಲ್ಲಿ ದಾರಿಯನ್ನು ಮಳೆ ನಿಂತೊಡನೆ ಸರಿಪಡಿಸಿಕೊಟ್ಟರೆ, ಅಥವಾ ಅದಕ್ಕೆಂದು ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ, ಅದು ದಾನವಲ್ಲ, ಸವೆದ ರಬ್ಬರಿನ ಬೆಲೆ.

ಬಿಚ್ಚಿದ ಹಳೆಯ ಟೈರ್‌ಗಳನ್ನು ಏನು ಮಾಡಬೇಕು?

ಅಂಗಡಿಯಲ್ಲೇ ಕೊಟ್ಟು ಸಿಗುವ ಹಣವನ್ನು ಬಿಲ್ಲಿನಲ್ಲಿ ಕಳೆಸಿಕೊಳ್ಳುವುದು ಸುಲಭದ ದಾರಿ. ಕೊಟ್ಟಿಗೆಯ ಹಿಂದೆ ರಾಶಿ ಹಾಕಬೇಡಿ. ಮಳೆನೀರು ನಿಂತ ಟೈರ್ ಡೆಂಗಿ ಹರಡುವ ಸೊಳ್ಳೆಗೆ ಹೇಳಿ ಮಾಡಿಸಿದ ತೊಟ್ಟಿಲು. ಗಿಡ ನೆಡಲು, ಕಟ್ಟೆಗೆ ಒರಗಿಸಲು ಇಟ್ಟುಕೊಳ್ಳುವವರು ಕೆಳಭಾಗದಲ್ಲಿ ತೂತು ಕೊರೆದು ನೀರು ನಿಲ್ಲದಂತೆ ಮಾಡಬೇಕು. ಚಳಿಗೆಂದು ಸುಡುವುದಂತೂ ಕೂಡದು, ಆ ಹೊಗೆ ಬೆಂಕಿಯ ಸುತ್ತ ಕುಳಿತವರ ಶ್ವಾಸಕೋಶಕ್ಕೇ ಹೋಗುತ್ತದೆ.